ನೋಟಿನ ಮೇಲಿನ ಪಾದ್ರಿ, ಅಚ್ಚಾಗದ ಹೂಗಳು

ಪ್ರಶ್ನೆ: ನನಗೆ ಹಳೆಯ ನಾಣ್ಯ, ನೋಟು ಕೂಡಿಡುವ ಹುಚ್ಚು. ಈಚೆಗೆ ಸ್ಪೇನಿನ 2000 ಪೆಸೆಟಾದ ಕೆಂಪು ನೋಟೊಂದು ಕೈಗೆ ಬಂತು. ಪಾದ್ರಿಯಂತೆ ಕಾಣುವ ಮುದುಕನೊಬ್ಬ ಭೂತಗನ್ನಡಿ ಹಿಡಿದು ಹೂ ನೋಡುತ್ತಿದ್ದಾನೆ. ಹೆಸರು ಹೊಸೆ ಸೆಲೆಸ್ತಿನೊ ಮುತಿಸ್. ಹುಡುಕಿದರೆ, ದಕ್ಷಿಣ ಅಮೆರಿಕದ ಗಿಡಗಳ ಮೇಲೆ ಜೀವಮಾನವಿಡೀ ಕೆಲಸ ಮಾಡಿದನೆಂದೂ ತನ್ನ ದೊಡ್ಡ ಗ್ರಂಥವನ್ನು ಮಾತ್ರ ಹೊರತರಲೇ ಇಲ್ಲವೆಂದೂ ತಿಳಿಯಿತು. ಹೊರತರದ ಪುಸ್ತಕಕ್ಕೆ ನೋಟಿನ ಮರ್ಯಾದೆಯೇ? ಆತ ನೋಡಿದ ಗಿಡ ಯಾವುದಾದರೂ ನಮ್ಮ ಮಲೆನಾಡಿನಲ್ಲಿ ಇದೆಯೇ? (ಸಾಗರದ ಓದುಗರು)

ಉತ್ತರ: ನಿಮ್ಮ ನೋಟು 1992ರ ಮಾಲಿಕೆಯದು. ಕೊಲಂಬಸ್ ಅಮೆರಿಕ ಮುಟ್ಟಿ 500 ವರ್ಷವಾದಾಗ ಸ್ಪೇನ್ ಆ ಖಂಡದ ನಂಟಿದ್ದವರನ್ನು ನೋಟುಗಳ ಮೇಲೆ ಕೂರಿಸಿತು. ಕೊಲಂಬಸ್, ಅಲ್ಲಿನ ನಾಡುಗಳನ್ನು ಗೆದ್ದ ಕೊರ್ತೆಸ್, ಪಿಸಾರೊ ಅವರ ಸಾಲಿನಲ್ಲಿ ವೈದ್ಯ ಮುತಿಸನಿಗೂ ಒಂದು ಜಾಗ ಸಿಕ್ಕಿತು. ಇನ್ನೊಂದು ನೋಟೂ ಇದೆ, ಸಿಕ್ಕರೆ ಬಿಡಬೇಡಿ: ಕೊಲಂಬಿಯ ದೇಶ 1980ರ ದಶಕದಲ್ಲಿ ತಂದ 200 ಪೆಸೊ ನೋಟಿನ ಮೇಲೂ ಇದೇ ಮುಖ. ಆಳಿದ ದೇಶವೂ ಅದರ ಕೈಯಿಂದ ಬಿಡಿಸಿಕೊಂಡ ದೇಶವೂ ಒಬ್ಬನನ್ನೇ ನಮ್ಮವನು ಎನ್ನುವುದು ದಿನಾ ನಡೆಯುವ ಸಂಗತಿಯಲ್ಲ.

ಮುತಿಸ್ ಹುಟ್ಟಿದ್ದು 1732ರಲ್ಲಿ, ದಕ್ಷಿಣ ಸ್ಪೇನಿನ ಕಾದಿಸ್ ಬಂದರಿನಲ್ಲಿ. ಅಪ್ಪ ಪುಸ್ತಕದ ವ್ಯಾಪಾರಿ. ಆ ಕಾಲಕ್ಕೆ ಸ್ಪೇನಿನ ಅಮೆರಿಕ ವ್ಯಾಪಾರವೆಲ್ಲ ಆ ಊರಿನ ಮೂಲಕವೇ. ಬೆಳ್ಳಿ, ಕೊಕೊ, ಚಳಿಜ್ವರಕ್ಕೆ ಕಷಾಯ ಮಾಡುವ ಮರದ ತೊಗಟೆ, ಎಲ್ಲವೂ ಅಲ್ಲಿನ ಧಕ್ಕೆಯ ಮೇಲೆ ಇಳಿಯುತ್ತಿದ್ದವು. ಹುಡುಗ ಊರಿನಲ್ಲೇ ಶಸ್ತ್ರವೈದ್ಯ ಕಲಿತು, ಸೆವಿಲ್ಲಾದಲ್ಲಿ ವೈದ್ಯ ಪದವಿ ಮುಗಿಸಿ, ಮ್ಯಾಡ್ರಿಡ್‌ಗೆ ಹೋದ. ಗಿಡಗಳ ಗೀಳು ಹತ್ತಿದ್ದು ಅಲ್ಲಿ. 1760ರಲ್ಲಿ ಹೊಸ ಗ್ರನಾಡ ಪ್ರಾಂತ್ಯಕ್ಕೆ, ಅಂದರೆ ಇಂದಿನ ಕೊಲಂಬಿಯ ಮತ್ತು ಅದರ ಸುತ್ತಲ ಸೀಮೆಗೆ, ಹೊಸ ವೈಸರಾಯ್ ಹೊರಟಾಗ ಆತನ ಖಾಸಗಿ ವೈದ್ಯನಾಗಿ ಹಡಗು ಹತ್ತಿದ. ಆಗ ವಯಸ್ಸು 28. ವೈದ್ಯಕೀಯ ಒಂದು ನೆಪ, ಕಣ್ಣಿದ್ದದ್ದು ಕಾಡಿನ ಮೇಲೆ. ಕಾರ್ತಹೇನಾ ಬಂದರಿನಲ್ಲಿ ಇಳಿದು, ಮಗ್ದಲೇನಾ ಹೊಳೆಯಲ್ಲಿ ದೋಣಿಯ ಮೇಲೆ ಸಾಗಿ, ಆಮೇಲೆ ಘಟ್ಟ ಹತ್ತಿ ಬೊಗೊಟಾ ಸೇರಿದ್ದು 1761ರ ಮೊದಲಲ್ಲಿ. ಆ ಊರಿರುವುದು ಸುಮಾರು 2600 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಅದಕ್ಕಿಂತ ಸುಮಾರು 700 ಮೀಟರ್ ಕೆಳಗೇ ನಿಲ್ಲುತ್ತದೆ. ಒಂದೇ ಪ್ರಯಾಣದಲ್ಲಿ ಬೇಯುವ ಬಯಲಿನಿಂದ ಮಂಜಿನ ಬೆಟ್ಟದವರೆಗೆ ಗಿಡಮರ ಬದಲಾಗುವುದನ್ನು ಕಂಡವನಿಗೆ ತಲೆ ತಿರುಗದೆ ಇರುತ್ತದೆಯೇ? ಆತ ಮತ್ತೆ ಸ್ಪೇನಿನ ಮುಖ ನೋಡಲಿಲ್ಲ.

1763ರಲ್ಲಿ ಒಮ್ಮೆ, 1764ರಲ್ಲಿ ಇನ್ನೊಮ್ಮೆ ದೊರೆ ಮೂರನೆಯ ಕಾರ್ಲೋಸನಿಗೆ ಅರ್ಜಿ ಬರೆದ: ಈ ನಾಡಿನ ಗಿಡಗಳ ಲೆಕ್ಕ ಹಿಡಿಯುವ ಕೆಲಸಕ್ಕೆ ಸರ್ಕಾರ ಖರ್ಚು ಕೊಡಬೇಕು ಎಂದು. ಅರ್ಜಿ ಫಲಿಸಲು 20 ವರ್ಷ ಹಿಡಿಯಿತು. ಆತನ ಬದುಕು ಅರ್ಥವಾಗಬೇಕಾದರೆ ಈ 20 ವರ್ಷಗಳನ್ನು ನೋಡಬೇಕು. ಹೊಟ್ಟೆಪಾಡಿಗೆ ರೋಗಿಗಳನ್ನು ನೋಡಿದ. ರೊಸಾರಿಯೊ ಕಾಲೇಜಿನಲ್ಲಿ ಗಣಿತ ಹೇಳಿದ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಕೊಪರ್ನಿಕಸನ ಮಾತನ್ನು ಬಹಿರಂಗವಾಗಿ ಪಾಠ ಮಾಡಿದ್ದಕ್ಕೆ ಡೊಮಿನಿಕನ್ ಸಂನ್ಯಾಸಿಗಳ ಕೆಂಗಣ್ಣಿಗೆ ಗುರಿಯಾದ. ಬೆಳ್ಳಿ ಗಣಿಗೆ ಕೈಹಾಕಿ ವರ್ಷಗಟ್ಟಲೆ ಗಣಿಯೂರಿನಲ್ಲಿ ಕೂತ. ಅದರಿಂದ ಹಣ ಮಾಡಿದ್ದು ಮಾತ್ರ ಕಾಣೆ. 1772ರಲ್ಲಿ ಪಾದ್ರಿ ದೀಕ್ಷೆ ಪಡೆದ. ನೋಟಿನಲ್ಲಿ ನಿಮಗೆ ಕಂಡ ಉಡುಪು ಅದೇ.

ಈ ನಡುವೆ ಗಿಡದ ಕೆಲಸ ನಿಂತಿರಲಿಲ್ಲ. ಸ್ವೀಡನ್ನಿನ ಲಿನೇಯಸ್ ಜೊತೆ ಕಾಗದ ನಡೆಯುತ್ತಿತ್ತು. ಗಿಡಕ್ಕೆ ಎರಡು ಪದದ ಹೆಸರಿಡುವ ಪದ್ಧತಿ ನೆಲೆಗೊಳಿಸಿದ ಆ ಮಹಾಶಯನಿಗೆ ಮುತಿಸ್ ಒಣಗಿಸಿದ ಗಿಡ, ಚಿತ್ರ, ಟಿಪ್ಪಣಿ ಕಳಿಸುತ್ತಿದ್ದ. ಕಾಗದ ಮುಟ್ಟಿ ಉತ್ತರ ಬರಲು ವರ್ಷ ದಾಟುವುದೂ ಉಂಟು, ಸಮುದ್ರದಲ್ಲಿ ಕಳೆದುಹೋಗುವುದೂ ಉಂಟು. ಲಿನೇಯಸ್ ಕೇಳಿಕೊಂಡನೆಂದು ಇರುವೆಗಳನ್ನೂ ಬಿಡದೆ ಗಮನಿಸಿ ಬರೆದ. ಕೊನೆಗೆ ಮುತಿಸ್ ಹೆಸರಿನಲ್ಲೇ ಗಿಡಗಳ ಒಂದು ಕುಲ, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪು, ಹುಟ್ಟಿತು: ಮುತಿಸಿಯ. ಯಾವ ಕಾಲವೂ ಅಳಿಸಲಾರದ ಹೆಸರಿದು ಎಂದು ಲಿನೇಯಸ್ ಹೊಗಳಿದ. ಅಚ್ಚಿನಲ್ಲಿ ಅದು ಬಂದದ್ದು ಆತ ತೀರಿಕೊಂಡ ಮೇಲೆ, ಮಗ ಕಿರಿಯ ಲಿನೇಯಸನ ಪುಸ್ತಕದಲ್ಲಿ.

1783ರಲ್ಲಿ ಆರ್ಚ್‌ಬಿಷಪ್ಪೂ ವೈಸರಾಯೂ ಒಬ್ಬನೇ ಆಗಿದ್ದ ಕಬಯ್ಯೆರೊ ಇ ಗೊಂಗೊರ ಕೈಹಿಡಿದ. ರಾಜಾಜ್ಞೆಯಾಗಿ ಹೊಸ ಗ್ರನಾಡದ ಸಸ್ಯ ಶೋಧಯಾತ್ರೆ ಶುರುವಾಯಿತು. ಮುತಿಸ್‌ಗೆ ಆಗ 51. ಯಾತ್ರೆ ಎನ್ನುತ್ತಾರೆಯೇ ಹೊರತು ಅದು ಸುತ್ತಾಟ ಆಗಿರಲಿಲ್ಲ. ಮರಿಕೀಟ ಎಂಬ ಬೆಚ್ಚನೆಯ ಊರಿನಲ್ಲಿ ಮನೆ ಮಾಡಿ ಎಂಟು ವರ್ಷ ಕೂತರು, 1791ರಲ್ಲಿ ಬೊಗೊಟಾಕ್ಕೆ ಸಾಮಾನು ಸಾಗಿಸಿದರು. ಕಾಡಿಗೆ ಹೋಗುತ್ತಿದ್ದವರು ಸ್ಥಳೀಯ ಗಿಡ ಸಂಗ್ರಾಹಕರು. ಅವರು ಮುಂಜಾನೆ ಹೋಗಿ ತಂದ ಟೊಂಗೆ ಬಾಡುವ ಮೊದಲು ಚಿತ್ರಕಾರನ ಮೇಜಿಗೆ ಬರಬೇಕು.

ಈ ಆತುರ ಯಾಕೆ ಎಂಬುದು ನಿಮಗೆ ಗೊತ್ತಾಗುತ್ತದೆ, ಯಾಕೆಂದರೆ ನೀವು ಮಳೆಸೀಮೆಯವರು. ಗಿಡದ ಮಾದರಿ ಕಾಪಿಡಲು ಅದನ್ನು ಕಾಗದದ ನಡುವೆ ಒತ್ತಿ ಒಣಗಿಸುತ್ತೇವೆ. ಆಷಾಢದಲ್ಲಿ ಆಗುಂಬೆಯ ಕಡೆ ಈ ಕೆಲಸ ಮಾಡಿದವರಿಗೆ ಕೇಳಿ. ದಿನಕ್ಕೆರಡು ಸಲ ಪತ್ರಿಕೆ ಬದಲಿಸಿದರೂ ಮೂರನೆಯ ದಿನ ಎಲೆಯ ಮೇಲೆ ಬಿಳಿ ಬೂಷ್ಟು. ನನ್ನ ವಿದ್ಯಾರ್ಥಿ ದಿನಗಳ ಮೊದಲ ಕಟ್ಟು ಪೂರ್ತಿ ಹಾಗೆಯೇ ಹೋಯಿತು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಉಳಿಸಿಕೊಂಡ ನಾಲ್ಕು ಹಾಳೆಗೆ ಹೊಗೆಯ ವಾಸನೆ ಹತ್ತಿತ್ತು. ಒಣಗಿ ಉಳಿದರೂ ಹೂವಿನ ಬಣ್ಣ ಹೋಗುತ್ತದೆ, ದಪ್ಪ ದಳ ಚಪ್ಪಟೆಯಾಗುತ್ತದೆ. ಹುಳ ಹಿಡಿದರೆ ಅದೂ ಇಲ್ಲ. ಮುತಿಸ್ ಸುಮಾರು 20,000 ಒಣ ಮಾದರಿ ಕೂಡಿಸಿದನಾದರೂ ನೆಚ್ಚಿಕೊಂಡದ್ದು ಚಿತ್ರವನ್ನು. ಚಿತ್ರ ನೋಡಿದವನಿಗೆ ಗಿಡವನ್ನೇ ನೋಡಿದಷ್ಟು ತಿಳಿಯಬೇಕು ಎಂಬುದು ಆತನ ಹಟ.

ಹಾಗಾಗಿ ಆತ ಕಟ್ಟಿದ್ದು ಒಂದು ಚಿತ್ರಶಾಲೆ. ಇಂದಿನ ಎಕ್ವಡಾರ್ ದೇಶದ ಕಿತೊ ನಗರದ ದೇವರ ಪಟ ಬರೆಯುವ ಮನೆತನಗಳ ಕುಂಚದವರನ್ನು ಕರೆಸಿದ, ಊರಿನ ಹುಡುಗರನ್ನು ಸೇರಿಸಿ ಕಲಿಸಿದ. ಬೊಗೊಟಾದಲ್ಲಿ ಬಡ ಮಕ್ಕಳಿಗೆ ಬಿಟ್ಟಿ ಚಿತ್ರಶಾಲೆಯನ್ನೂ ತೆರೆದ. ಮೇಸ್ತ್ರಿಯಾಗಿ ನಿಂತವನು ಸಾಲ್ವಡೋರ್ ರಿಸೊ. ಕೂಲಿ ದಿನಗೂಲಿ, ಕೆಲಸ ದಿನಕ್ಕೆ ಒಂಬತ್ತು ಗಂಟೆ, ಮಾತು ಕಡಿಮೆ. ಸ್ಪೇನಿನಿಂದ ಬಂದ ಚಿತ್ರಕಾರರು ಈ ಶಿಸ್ತಿಗೆ ಒಗ್ಗಲಿಲ್ಲ, ಊರಿನವರು ನಿಂತರು. ಗಾರೆಯ ನೆಲದ ಉದ್ದನೆಯ ಕೋಣೆ, ಕಿಟಕಿಯ ಬೆಳಕಿಗೆ ಸಾಲು ಮೇಜು, ನೀರಿನಲ್ಲಿ ನಿಂತ ಟೊಂಗೆಗಳು. ಒಬ್ಬ ಗಿಡ ಬರೆದರೆ ಇನ್ನೊಬ್ಬ ಹೂವನ್ನು ಬಿಡಿಸಿ ಕೇಸರ, ಅಂಡಾಶಯ ಬರೆಯುತ್ತಿದ್ದ. ಕೋಣೆಯ ಚಿತ್ರ ನನ್ನ ಊಹೆ, ಕೆಲಸದ ಕ್ರಮ ನಿಜ. ಒಂದೊಂದು ಗಿಡಕ್ಕೆ ಒಂದು ಬಣ್ಣದ ಹಾಳೆ, ಮುಂದೆ ತಾಮ್ರದ ಅಚ್ಚು ಕೆತ್ತುವವನಿಗೆಂದು ಒಂದೋ ಎರಡೋ ಬರಿ ಮಸಿಯ ಪ್ರತಿ. ಹೀಗೆ 6000ಕ್ಕೂ ಮೀರಿ ಹಾಳೆಗಳಾದವು. ಫ್ರಾನ್ಸಿಸ್ಕೊ ಹವಿಯೆರ್ ಮತೀಸ್ ಎಂಬವನನ್ನು ನೋಡಿ ಜರ್ಮನಿಯ ಹೆಸರಾಂತ ಪರ್ಯಟಕ ವಿಜ್ಞಾನಿ ಹುಂಬೋಲ್ಟ್, ಜಗತ್ತಿನಲ್ಲಿ ಹೂ ಬರೆಯುವವರಲ್ಲಿ ಇವನೇ ಮೊದಲಿಗ ಎಂದ. ಕೆಲವರು ಹಾಳೆಯ ಕೆಳಗೆ ಹೆಸರು ಹಾಕಿ, ಪಕ್ಕದಲ್ಲಿ ಲ್ಯಾಟಿನ್ನಿನಲ್ಲಿ 'ಅಮೆರಿಕದವನು' ಎಂದು ಬರೆದುಕೊಂಡರು. ಸ್ಪೇನಿನವನಲ್ಲ, ಇಲ್ಲಿಯವನು ಎಂದು ಒತ್ತಿ ಹೇಳಿದಂತೆ. ನಿಮ್ಮ ಜಿಲ್ಲೆಯದೇ ನೆನಪಾಗುತ್ತದೆ: 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಿ ಚಿತ್ರಕಾರನಿಂದ ದಿನಕ್ಕೊಂದು ಗಿಡ ಬರೆಸುತ್ತಿದ್ದ. ಆ ಹಾಳೆಗಳು ಈಗ ಎಡಿನ್‌ಬರೋದಲ್ಲಿ ಕ್ಲೆಗಾರ್ನ್ ಹೆಸರಿನಲ್ಲಿವೆ.

ಮ್ಯಾಡ್ರಿಡ್‌ನ ರಾಜ ಸಸ್ಯೋದ್ಯಾನ ಮುತಿಸ್ ಚಿತ್ರಗಳನ್ನೆಲ್ಲ ಅಂತರ್ಜಾಲದಲ್ಲಿ ಇಟ್ಟಿದೆ. ಮುತಿಸಿಯ ಕ್ಲೆಮಾಟಿಸ್ ಗಿಡದ ಹಾಳೆ ತೆರೆದು ಹಿಗ್ಗಿಸಿ ನೋಡಿ. ಇದು ಸೂರ್ಯಕಾಂತಿಯ ಕುಟುಂಬದ್ದು, ಆದರೆ ಬಳ್ಳಿ. ಸೂರ್ಯಕಾಂತಿ ಹಂಬು ಹಬ್ಬಿದರೆ ಹೇಗೆ! ಎಲೆಯ ತುದಿಯೇ ನವಿರಾಗಿ ಸುರುಳಿಯಾಗಿ ಆಸರೆ ಹುಡುಕುತ್ತದೆ, ಬಟಾಣಿ ಬಳ್ಳಿಯಂತೆ. ಕಿತ್ತಳೆಗೆಂಪು ಹೂ ತಲೆ ತಗ್ಗಿಸಿ ಜೋತು ಬೀಳುತ್ತದೆ. ಎಲೆಯ ಅಡಿಭಾಗದಲ್ಲಿ ಬಿಳಿ ತುಪ್ಪಳ. ಅದು ಕಾಣಲೆಂದು ಚಿತ್ರಕಾರ ಎಲೆಗಳನ್ನು ಅಲ್ಲಲ್ಲಿ ಮಗುಚಿದ್ದಾನೆ. ಕಾಡಿನಲ್ಲಿ ಬಳ್ಳಿ ಇಷ್ಟು ಒಪ್ಪವಾಗಿ ಎರಡೂ ಕಡೆ ಸಮನಾಗಿ ಹರಡಿಕೊಳ್ಳುವುದಿಲ್ಲ, ನಿಜ. ಹಾಳೆಗೆ ಹೊಂದುವಂತೆ ಗಿಡಕ್ಕೆ ಕೂರುವ ಭಂಗಿ ಕೊಟ್ಟಿದ್ದಾರೆ, ಸ್ಟುಡಿಯೋದಲ್ಲಿ ಮದುಮಕ್ಕಳ ಫೋಟೋ ತೆಗೆದ ಹಾಗೆ. ಆದರೂ ಗುರುತಿಗೆ ಬೇಕಾದ ಒಂದು ಅಂಗವೂ ಮರೆಯಾಗಿಲ್ಲ.

ಇನ್ನು ಸಿಂಕೋನ. ಕ್ವಿನೈನ್ ಕೊಡುವ ಈ ಮರದ ತೊಗಟೆ ಆಗ ಚಿನ್ನದ ಬೆಲೆಯದು. ಸರ್ಕಾರ ಮುತಿಸ್‌ಗೆ ಹಣ ಕೊಟ್ಟದ್ದರ ಹಿಂದಿನ ಆಸೆಯೂ ಅದೇ. ಒಳ್ಳೆಯ ತೊಗಟೆ ದಕ್ಷಿಣದ ಲೋಹ (Loja) ಎಂಬ ಹೆಸರಿನ ಸೀಮೆಯಿಂದ ಬರುತ್ತಿತ್ತು. ಬೊಗೊಟಾ ಸುತ್ತಲೂ ಆ ಮರ ಇದೆ ಎಂದು ಮುತಿಸ್ ತೋರಿಸಿದ. ಮೊದಲು ಕಂಡವನು ನಾನು ಎಂದು ಪನಾಮದ ಲೋಪೆಸ್ ರುಯಿಸ್ ಎಂಬ ವೈದ್ಯ ಜಗಳ ತೆಗೆದ, ಅದು ವರ್ಷಗಟ್ಟಲೆ ಎಳೆಯಿತು. 1793ರಿಂದ ಬೊಗೊಟಾದ ಪತ್ರಿಕೆಯೊಂದರಲ್ಲಿ ಮುತಿಸ್ ಕಂತುಕಂತಾಗಿ ಸಿಂಕೋನದ ಗುಟ್ಟು ಬರೆದ. ಕಿತ್ತಳೆ, ಕೆಂಪು, ಹಳದಿ, ಬಿಳಿ ಎಂದು ನಾಲ್ಕು ಬಗೆ. ಒಂದು ನರಕ್ಕೆ, ಒಂದು ಸ್ನಾಯುವಿಗೆ, ಒಂದು ದೇಹದ ರಸಗಳಿಗೆ, ಒಂದು ಒಳಾಂಗಗಳಿಗೆ ಎಂದು ಹಂಚಿದ. ತೊಗಟೆಯನ್ನು ಸಕ್ಕರೆ ಹಾಕಿ ಹುಳಿಬರಿಸಿ ಕುಡಿಸಬೇಕು ಎಂದ. ನಮ್ಮ ವೈದ್ಯರ ಅರಿಷ್ಟ ಮಾಡುವ ರೀತಿಯೇ.

ಇಲ್ಲಿ ಆತ ಎಡವಿದ ಎಂದು ನೇರವಾಗಿ ಹೇಳಬೇಕು. ಚಳಿಜ್ವರಕ್ಕೆ ನೇರ ಮದ್ದು ಕಿತ್ತಳೆಯದು ಎಂದದ್ದು ಸರಿ. ಆದರೆ ಆತನ ಕೆಂಪು ಬಗೆ ಇಂದಿನ ವರ್ಗೀಕರಣದಲ್ಲಿ ಸಿಂಕೋನವೇ ಅಲ್ಲ, ಲಾಡೆನ್‌ಬರ್ಗಿಯ ಎಂಬ ನೆಂಟ ಕುಲದ ಮರ. ಬಣ್ಣ ನೋಡಿ ಗುಣ ಹೇಳಿದ್ದು ವೈದ್ಯನ ಹಳೆಯ ಅಭ್ಯಾಸ. ಪೆರುವಿನಲ್ಲಿ ಕೆಲಸ ಮಾಡಿ ಬಂದಿದ್ದ ರುಯಿಸ್ ಮತ್ತು ಪವೋನ್ ಎಂಬ ಸಸ್ಯಶಾಸ್ತ್ರಜ್ಞರು ಮ್ಯಾಡ್ರಿಡ್‌ನಲ್ಲಿ ಕೂತು ಇದನ್ನು ಬಲವಾಗಿ ಖಂಡಿಸಿದರು. ತೊಗಟೆಯ ಒಳಗಿನ ಸಾರವನ್ನು ಬೇರ್ಪಡಿಸಿ ಕ್ವಿನೈನ್ ಎಂದು ಹೆಸರಿಟ್ಟದ್ದು 1820ರಲ್ಲಿ, ಪ್ಯಾರಿಸ್‌ನ ಇಬ್ಬರು ಔಷಧ ತಜ್ಞರು. ಆ ಅಳತೆಗೋಲು ಮುತಿಸ್ ಕೈಯಲ್ಲಿ ಇರಲಿಲ್ಲ.

ಮರಿಕೀಟದ ಒಂದು ಘಟನೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿನ ಪಿಯೊ ಎಂಬ ಕಪ್ಪು ಗುಲಾಮನಿಗೆ ಹಾವಿನ ಮದ್ದು ಗೊತ್ತಿತ್ತು. ಹಾವು ತಿನ್ನುವ ಒಂದು ಹಕ್ಕಿ ಕಾದಾಟಕ್ಕೆ ಮೊದಲು ಗುವಾಕೊ ಬಳ್ಳಿಯ ಎಲೆ ತಿನ್ನುತ್ತದಂತೆ; ನಮ್ಮಲ್ಲಿ ಮುಂಗುಸಿಯೂ ಬೇರೂ ಇದ್ದ ಹಾಗೆ. 1788ರಲ್ಲಿ ಮುತಿಸ್ ಎದುರಿಗೇ ಪರೀಕ್ಷೆಯಾಯಿತು. ಚಿತ್ರಕಾರ ಮತೀಸ್ ಆ ಎಲೆಯ ರಸ ಹಚ್ಚಿಸಿಕೊಂಡು ಹಾವು ಹಿಡಿದ, ಕಚ್ಚಿಸಿಕೊಂಡ, ಬದುಕಿದ. ಹಾವು ವಿಷ ಬಿಟ್ಟಿತೋ ಇಲ್ಲವೋ ಯಾರಿಗೆ ಗೊತ್ತು? ಹಾವು ಕಚ್ಚಿದರೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ನೀವು ಮಾತ್ರ ಬಳ್ಳಿ ಹುಡುಕದೆ ಆಸ್ಪತ್ರೆಗೆ ಓಡಿ. ನಾನು ಇದನ್ನು ಹೇಳಿದ್ದು, ಆತನ ಕಡತಗಳಲ್ಲಿ ಸೇರಿದ ಜ್ಞಾನ ಎಲ್ಲೆಲ್ಲಿಂದ ಬಂತು ಎಂಬುದು ಕಾಣಲೆಂದು.

ಈಗ ನಿಮ್ಮ ಮೂಲ ಪ್ರಶ್ನೆ: ಪುಸ್ತಕ ಯಾಕೆ ಆಗಲಿಲ್ಲ? ಚಿತ್ರ ಓಡಿದಷ್ಟು ವೇಗವಾಗಿ ಬರಹ ಓಡಲಿಲ್ಲ. ಚಿತ್ರಕಾರರು ಮೂವತ್ತರಷ್ಟು, ವಿವರಣೆ ಬರೆಯುವವನು ಒಬ್ಬ. ಅವನಿಗೆ ರೋಗಿ, ಪೂಜೆ, ತೊಗಟೆ, ವೈಸರಾಯ್‌ಗೆ ವರದಿ. ಬೊಗೊಟಾದಲ್ಲಿ ಅಷ್ಟು ತಾಮ್ರದ ಫಲಕ ಕೆತ್ತುವವರಿಲ್ಲ, ಯುರೋಪಿನಲ್ಲಿ ಕೆತ್ತಿಸಲು ರಾಶಿ ಹಣ. ಇವೆಲ್ಲ ನಿಜವೇ. ಆದರೂ ನನಗನಿಸುವುದು, ಆತನಿಗೆ ಕೈಬಿಡಲು ಬರುತ್ತಿರಲಿಲ್ಲ. ಇನ್ನೊಂದು ಗಿಡ ಸಿಗಲಿ, ಇನ್ನೊಂದು ಹಾಳೆ ಆಗಲಿ ಎನ್ನುವ ಜಾತಿ. ಬೇರೆಯವರ ಕೈಗೆ ಕಡತ ಕೊಡುವುದೂ ಕಷ್ಟ. 1801ರಲ್ಲಿ ಹುಂಬೋಲ್ಟ್ ಮತ್ತು ಆತನ ಜೊತೆಗಾರ ಸಸ್ಯಶಾಸ್ತ್ರಜ್ಞ ಬೊನ್‌ಪ್ಲಾನ್ ಬೆಟ್ಟ ಹತ್ತಿ ಬಂದು ಸುಮಾರು ಎರಡು ತಿಂಗಳು ಉಳಿದಾಗ ಮಾತ್ರ ಕೈ ಬಿಚ್ಚಿ ತೋರಿಸಿದ, ಹಲವು ಚಿತ್ರಗಳನ್ನು ಕೊಟ್ಟೂ ಬಿಟ್ಟ. ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಮನೆ ಬಿಟ್ಟರೆ ಇಷ್ಟು ದೊಡ್ಡ ಸಸ್ಯಶಾಸ್ತ್ರ ಗ್ರಂಥಾಲಯ ತಾನು ಕಂಡಿಲ್ಲ ಎಂದ ಹುಂಬೋಲ್ಟ್. ಆಮೇಲೆ ತಾನು ಹೊರತಂದ ಪುಸ್ತಕಕ್ಕೆ ಮುತಿಸ್ ಭಾವಚಿತ್ರವನ್ನೇ ಮುಂದೆ ಹಾಕಿಸಿದ.

ಆ ಮರ್ಯಾದೆಯ ಹಿಂದೆಯೇ ಒಂದು ನಷ್ಟವೂ ಇದೆ. ಸಸ್ಯಶಾಸ್ತ್ರದ ನಿಯಮ ಕಠಿಣ: ಮೊದಲು ಕಂಡವನಿಗೆ ಹೆಸರಿನ ಹಕ್ಕಿಲ್ಲ, ಮೊದಲು ವಿವರಣೆಯೊಡನೆ ಪ್ರಕಟಿಸಿದವನಿಗೆ ಹಕ್ಕು. ಗಿಡದ ಹೆಸರಿನ ಕೊನೆಯಲ್ಲಿ ಪ್ರಕಟಿಸಿದವನ ಗುರುತು ಬರುತ್ತದೆ. ಮುತಿಸ್ ಸ್ವೀಡನ್ನಿಗೆ ಕಳಿಸಿದ ಗಿಡಗಳಲ್ಲಿ ಕೆಲವಕ್ಕೆ 'ಮುತಿಸ್ ಎಕ್ಸ್ ಎಲ್. ಎಫ್.' ಎಂದಿರುತ್ತದೆ, ಹೆಸರು ಸೂಚಿಸಿದ್ದು ಮುತಿಸ್, ಅಚ್ಚು ಹಾಕಿಸಿದ್ದು ಕಿರಿಯ ಲಿನೇಯಸ್ ಎಂದು ಅರ್ಥ. ಇನ್ನೆಷ್ಟೋ ಗಿಡಗಳು, ಆತನ ಮನೆಯಲ್ಲಿ ದಶಕಗಳ ಹಿಂದೆಯೇ ಬಣ್ಣ ಕಂಡವು, 1815ರ ನಂತರ ಹುಂಬೋಲ್ಟ್, ಬೊನ್‌ಪ್ಲಾನ್, ಅವರ ಗಿಡಗಳಿಗೆ ವಿವರಣೆ ಬರೆದ ಕುಂತ್, ಈ ಮೂವರ ಸಂಪುಟಗಳಲ್ಲಿ ಬಂದು ಕುಂತ್ ಲೆಕ್ಕಕ್ಕೆ ಹೋದವು. ಮೋಸವಲ್ಲ, ಕಾನೂನು.

ಮುತಿಸ್ 1808ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಆತನ ಶಿಷ್ಯ ಕಾಲ್ಡಸ್ ಕಾಗದಪತ್ರ ತೆರೆದು ನೋಡಿ ಇದೆಲ್ಲ ಗೋಜಲು ಎಂದು ದೂರಿದ. ಆದರೆ ಆ ಕಾಲ್ಡಸ್ ಎಂಬ ಮನುಷ್ಯನನ್ನು ಕೂಡ ಆ ಮನೆಯೇ ಬೆಳೆಸಿದ್ದಲ್ಲವೇ? ಮುತಿಸ್ ಕಟ್ಟಿಸಿದ ಬೊಗೊಟಾದ ಖಗೋಳ ವೀಕ್ಷಣಾಲಯದ ಹೊಣೆ ಅವನದು. ಎರಡೇ ವರ್ಷದಲ್ಲಿ ಸ್ವಾತಂತ್ರ್ಯದ ಗದ್ದಲ ಎದ್ದಾಗ ಈ ಗುಂಪಿನ ಹಲವರು ಅದರೊಳಗಿದ್ದರು. 1816ರಲ್ಲಿ ಸ್ಪೇನಿನ ಸೇನಾಪತಿ ಮೊರಿಯೊ ಬೊಗೊಟಾವನ್ನು ಮತ್ತೆ ವಶಪಡಿಸಿಕೊಂಡು ಕಾಲ್ಡಸ್‌ನನ್ನು ಗುಂಡಿಟ್ಟು ಕೊಲ್ಲಿಸಿದ. ಪ್ರಾಣಿಗಳ ಅಧ್ಯಯನ ಮಾಡುತ್ತಿದ್ದ ಲೊಸಾನೊ ಸತ್ತ. ಹೂ ಬರೆಸುತ್ತಿದ್ದ ಮೇಸ್ತ್ರಿ ರಿಸೊ ಸತ್ತ. ಚಿತ್ರ, ಒಣ ಗಿಡ, ಕಾಗದ ಎಲ್ಲವನ್ನೂ ನೂರಕ್ಕೂ ಹೆಚ್ಚು ಪೆಟ್ಟಿಗೆಗಳಲ್ಲಿ ತುಂಬಿ ಮ್ಯಾಡ್ರಿಡ್‌ಗೆ ಸಾಗಿಸಿದರು. ಬರೆದವರ ಊರಿನಲ್ಲಿ ಬರೆದದ್ದು ಉಳಿಯಲಿಲ್ಲ. ಸ್ಪೇನ್ ಮತ್ತು ಕೊಲಂಬಿಯ ಸೇರಿ ಮೊದಲ ಸಂಪುಟ ಅಚ್ಚು ಮಾಡಿದ್ದು 1954ರಲ್ಲಿ. 50 ದಾಟುವ ಸಂಪುಟಗಳ ಯೋಜನೆ ಅದು.

ಆದ್ದರಿಂದ ನೋಟಿನ ಮರ್ಯಾದೆ ಪುಸ್ತಕಕ್ಕಲ್ಲ. ಒಬ್ಬ ಪರದೇಶಿ ವೈದ್ಯನ ಮನೆಯಲ್ಲಿ ಕೂತು ತಮ್ಮ ನಾಡಿನ ಗಿಡವನ್ನು ತಮ್ಮ ಕಣ್ಣಿನಿಂದ ನೋಡಲು ಕಲಿತವರಿದ್ದರು, ಅದಕ್ಕೆ. ಕೊಲಂಬಿಯದವರು ಆತನನ್ನು ಬಿಟ್ಟುಕೊಡದಿರುವುದೂ ಇದೇ ಕಾರಣಕ್ಕೆ ಎಂದುಕೊಂಡಿದ್ದೇನೆ.

ಎರಡನೆಯ ಪ್ರಶ್ನೆ ಸುಲಭ. ಮುತಿಸಿಯ ಅಮೆರಿಕದಾಚೆ ಕಾಡಿನಲ್ಲಿ ಬೆಳೆಯುವುದಿಲ್ಲ, ನಿಮ್ಮ ಕಡೆ ಹುಡುಕಬೇಡಿ. ಸಿಂಕೋನ ನೋಡಬೇಕಾದರೆ ಗೂಡಲೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ ನಡುವಟ್ಟಂ ಬಳಿ ಇಳಿಯಿರಿ. 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ನೆಟ್ಟ ತೋಟಗಳ ನೆಲ ಅದು. ಬೀಜ, ಸಸಿ ಬಂದದ್ದು ಆಂಡಿಸ್ ಬೆಟ್ಟಗಳಿಂದಲೇ, ಮುತಿಸ್ ಕೆಲಸ ಮಾಡಿದ ಭಾಗಕ್ಕಿಂತ ದಕ್ಷಿಣದಿಂದ.

ಇನ್ನೊಂದು ಮಾತ್ರ ನಿಮ್ಮ ಅಂಗಳದಲ್ಲೇ ಇರಬಹುದು. ಅದೇ ಕಾಲದಲ್ಲಿ ಸ್ಪೇನ್ ಮೆಕ್ಸಿಕೊಗೂ ಇಂಥದೇ ಶೋಧಯಾತ್ರೆ ಕಳಿಸಿತ್ತು. ಅಲ್ಲಿಂದ ಮ್ಯಾಡ್ರಿಡ್ ಉದ್ಯಾನಕ್ಕೆ ಹೋದ ಬೀಜವೊಂದು ಮೊಳೆತು ಹೂಬಿಟ್ಟಿತು. ಕವನಿಯೆಸ್ ಎಂಬ ಇನ್ನೊಬ್ಬ ಪಾದ್ರಿ 1791ರಲ್ಲಿ ಅದಕ್ಕೆ ಡಾಲಿಯಾ ಎಂದು ಹೆಸರಿಟ್ಟ. ಮಲೆನಾಡಿನ ಹೆಂಗಸರು ಮಳೆಗಾಲದಲ್ಲಿ ಗೆಡ್ಡೆ ಹಂಚಿಕೊಂಡು ಬೆಳೆಸುವ ಡೇರೆ ಅದೇ. ಡಾಲಿಯಾ ಎಂಬುದೇ ಬಾಯಿಂದ ಬಾಯಿಗೆ ಹೋಗಿ ಡೇರೆಯಾಗಿರಬೇಕು. ಮುತಿಸಿಯ ಹಾಗೆ ಇದೂ ಸೂರ್ಯಕಾಂತಿ ಕುಟುಂಬದ್ದು. ಹೂವನ್ನು ಅಡ್ಡಕ್ಕೆ ಸೀಳಿ ಮಸೂರದಡಿ ಇಡಿ, ನಾವು ಒಂದು ಹೂ ಎನ್ನುವುದು ನೂರಾರು ಸಣ್ಣ ಹೂಗಳ ಗುಂಪು ಎಂಬುದು ಕಾಣುತ್ತದೆ. ಸುತ್ತು ತುಂಬಿದ ದೊಡ್ಡ ಡೇರೆಯಲ್ಲಿ ನಡುವಿನ ಹಳದಿ ಹೂಗಳು ಹೆಚ್ಚಾಗಿ ಇರುವುದಿಲ್ಲ. ಒಂದೇ ಸುತ್ತಿನದನ್ನು ಆರಿಸಿಕೊಳ್ಳಿ.